ಎಂಟು ರೊಟ್ಟಿ, ಒಂದು ಹೆರಳು

ನನ್ನ ಕೈಗಳಿಗೆ ಸಂಧಿವಾತ ಬಂದು ಏಳು ವರ್ಷವಾಯಿತು. ಇದು ಬಂದರೆ ಹೋಗುವ ರೋಗವಲ್ಲ, ಜೊತೆಗಿಟ್ಟುಕೊಂಡೇ ಬಾಳಬೇಕು ಎಂದು ಡಾಕ್ಟರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಬೆಳಿಗ್ಗೆ ಎದ್ದಾಗ ಬೆರಳುಗಳು ಬಿಸಿಲಿಗೆ ಒಣಗಿದ ಗೋಣಿಚೀಲದ ಹಾಗೆ ಸೆಟೆದುಕೊಂಡಿರುತ್ತವೆ. ಬಿಸಿನೀರು, ಬಿಸಿಲು, ಬೈಗುಳ ಎಲ್ಲ ಆಗಿ ಎರಡು ತಾಸು ಕಳೆದ ಮೇಲೆ ಒಂದೊಂದಾಗಿ ಮಡಚಲು ಒಪ್ಪುತ್ತವೆ. ಬೈಗುಳ ನನ್ನದು. ನಾನು ಮೊದಲಿನಿಂದಲೂ ಸಿಡುಕಿ. ರೋಗ ಬಂದ ಮೇಲೆ ಸಿಡುಕಲು ಕಾರಣವೂ ಸಿಕ್ಕಿತು, ಅಷ್ಟೆ.

ರೋಗದಿಂದ ಏನಾದರೂ ಒಳ್ಳೆಯದು ಆಯಿತೇ ಎಂದು ಯಾರಾದರೂ ಕೇಳಿದರೆ ಅವರ ಮೇಲೆ ಹರಿಹಾಯುವವಳು ನಾನು. ಆದರೂ ನಿಜ ಹೇಳಬೇಕಲ್ಲ, ಆಯಿತು. ಪುಣೆಯ ಚಿಂಚವಾಡದಲ್ಲಿರುವ ನಮ್ಮ ಆಫೀಸಿನಲ್ಲಿ ನನ್ನನ್ನು ಕಡತಗಳ ಕತ್ತಲೆ ಕೋಣೆಯಿಂದ ಎಬ್ಬಿಸಿ ಕಿಟಕಿಯ ಪಕ್ಕಕ್ಕೆ ಕೂಡಿಸಿದರು. ಹನ್ನೊಂದರವರೆಗೆ ಕೈ ಮೇಲೆ ಬಿಸಿಲು ಬೀಳುತ್ತದೆ. ಗಂಡ ತಮ್ಮ ಅಂಗಿಯ ಗುಂಡಿ ತಾವೇ ಹೊಲಿದುಕೊಳ್ಳುವುದನ್ನು ಕಲಿತರು. ಅರಿಶಿನ-ಕುಂಕುಮಕ್ಕೆ ಕರೆದಲ್ಲೆಲ್ಲ ಹೋಗಿ ಹಲ್ಲು ಕಿರಿಯುವುದು ತಪ್ಪಿತು, ಕೈನೋವು ಅಂದರೆ ಸಾಕು, ಯಾರೂ ಎರಡನೇ ಮಾತು ಕೇಳುವುದಿಲ್ಲ. ಇವೆಲ್ಲ ಸಣ್ಣಪುಟ್ಟ ಲಾಭ. ದೊಡ್ಡ ಲಾಭ ಒಂದೇ ಒಂದು ಬಂತು. ಅದನ್ನು ಕೈಬಿಡಲಾರದೆ ನಾನು ಮಾಡಿದ್ದನ್ನೇ ಇಲ್ಲಿ ಬರೆಯಬೇಕಾಗಿದೆ.

ನಮ್ಮ ಮನೆಯಲ್ಲಿ ಮೂರು ಜನ: ನಾನು, ಗಂಡ, ಅತ್ತೆ. ಮಗ ನಾಸಿಕ್‌ನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾನೆ. ಗಂಡ ರಾಂಜಣಗಾಂವದ ಕಾರ್ಖಾನೆಗೆ ಹೋಗುತ್ತಾರೆ. ಕಂಪನಿ ಬಸ್ಸು ಆರಕ್ಕೆ ಬರುವುದರಿಂದ ಅಷ್ಟರೊಳಗೆ ಅವರ ಡಬ್ಬಿ ತಯಾರಾಗಿರಬೇಕು. ಡಬ್ಬಿಯಲ್ಲಿ ಜೋಳದ ರೊಟ್ಟಿಯೇ ಇರಬೇಕು. ನಲವತ್ತೈದು ವರ್ಷ ಪುಣೆಯ ನೀರು ಕುಡಿದರೂ ನಮ್ಮ ಅತ್ತೆಯ ಮನೆಯಲ್ಲಿ ಚಪಾತಿ ಎಂದರೆ ಜ್ವರ ಬಂದವರ ಊಟ.

ಮದುವೆಯಾಗಿ ವಿಜಯಪುರದ ಕಡೆಯಿಂದ ಬಂದ ಮರುವಾರದಿಂದಲೇ ರೊಟ್ಟಿ ಬಡಿಯುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ತವರಿನಲ್ಲಿ ರೊಟ್ಟಿ ಬಡಿಯುವಾಗ ಕಿರುಬೆರಳನ್ನು ಅಂಚಿನ ಸುತ್ತ ಒತ್ತುತ್ತ ತಿರುಗಿಸುತ್ತಾರೆ, ಅಂಚು ಸೀಳದಿರಲೆಂದು. ಅದರಿಂದ ರೊಟ್ಟಿಯ ಸುತ್ತ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಅತ್ತೆ ನನ್ನ ಮೊದಲ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಇದೇನವಾ, ರೊಟ್ಟಿಗೆ ಝಾಲರಿ ಹಚ್ಚಿಯಲ್ಲ? ಲಂಗಾ ಹೊಲೀಲಿಕತ್ತೀಯೇನು?"

ಬಂದವರೆದುರು, ಲಂಗದ ನೆರಿಗೆಯಂಚಿಗೆ ಹೋಲಿಸಿ ಅಂದ ಮಾತು. ನಾನು ಮರೆಯಲಿಲ್ಲ. ಮರೆಯುವ ಸ್ವಭಾವವೇ ನನ್ನದಲ್ಲ. ಅವತ್ತಿನಿಂದ ಹದಿನೆಂಟು ವರ್ಷ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆ, ಹಾಲು ಬಂತೇ ಎನ್ನುವಷ್ಟೇ ಮಾತಾಡಿದೆವು. ಜಗಳವಾಡಲಿಲ್ಲ. ಜಗಳವಾಡಿದ್ದರೆ ಒಂದಿಷ್ಟು ಸಲಿಗೆಯಾದರೂ ಬೆಳೆಯುತ್ತಿತ್ತೇನೋ.

ರೋಗ ಬಂದ ಮೂರು ವರ್ಷಕ್ಕೆ ರೊಟ್ಟಿ ನನ್ನಿಂದಾಗದಾಯಿತು. ಅತ್ತೆ ನಸುಕಿನಲ್ಲಿ ಎದ್ದು ತಾವೇ ಬಡಿಯತೊಡಗಿದರು. ಅದೇ ದಿನಗಳಲ್ಲಿ ಬಾಚಣಿಗೆ ಹಿಡಿದ ಕೈ ತಲೆಯ ತನಕ ಏಳದಾಯಿತು. ಒಂದು ಬೆಳಿಗ್ಗೆ ಸಿಕ್ಕುಗಟ್ಟಿದ ಕೂದಲ ಜೊತೆ ಹೆಣಗಿ, ಬಾಚಣಿಗೆ ಬಿಸಾಕಿ, "ಇವತ್ತ ಪಾರ್ಲರಿಗೆ ಹೋಗಿ ಕುತ್ತಿಗೀ ತನಾ ಕತ್ತರಿಸಿಕೊಂಡ ಬರ್ತೀನಿ" ಎಂದು ಗಂಡನಿಗೆ ಕೂಗಿ ಹೇಳಿದೆ. ಅವರು ಬಸ್ಸಿನ ಅವಸರದಲ್ಲಿ ಹೂಂ ಅಂದು ಹೋದರು. ಒಳಗಿನಿಂದ ಅತ್ತೆ ಬಂದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಂಚದ ಮೇಲೆ ಕೂತು, ಮಣೆಯನ್ನು ಕಾಲಿನಿಂದ ತಮ್ಮ ಮುಂದಕ್ಕೆ ಎಳೆದುಕೊಂಡರು.

"ಇಲ್ಲೆ ಕುಂದರ."

ಕೂತೆ. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು ಅನ್ನಬೇಕು. ಬಾಚಿದ್ದೇನೂ ಮೆಲ್ಲಗಲ್ಲ, ಎಮ್ಮೆಯ ಮೈ ತಿಕ್ಕಿದ ಹಾಗೆ ತಿಕ್ಕಿದರು. ನನ್ನ ಕಣ್ಣಲ್ಲಿ ನೀರು ಬಂತು. ಎಣ್ಣೆ ಹಚ್ಚಿ, ಬೈತಲೆ ತೆಗೆದು, ಬಿಗಿಯಾಗಿ ಹೆರಳು ಹಾಕಿದರು. ಎಷ್ಟು ಬಿಗಿ ಎಂದರೆ ಆಫೀಸಿನಲ್ಲಿ ಇಡೀ ದಿನ ನನ್ನ ಹುಬ್ಬು ಮೇಲೆದ್ದೇ ಇತ್ತು. ಪಕ್ಕದ ಟೇಬಲಿನವಳು "ಏನು, ಬಹಳ ಆಶ್ಚರ್ಯದಲ್ಲಿದ್ದೀರಿ" ಎಂದು ಮರಾಠಿಯಲ್ಲಿ ತಮಾಷೆ ಮಾಡಿದಳು.

ಮರುದಿನವೂ ಮಣೆ ಮುಂದೆ ಬಂತು. ಹದಿನೈದು ದಿನ ಕಳೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ಮಾತು ಬರತೊಡಗಿತು. ಮುಖ ಕಾಣದಿದ್ದರೆ ಮಾತು ಸುಲಭವೋ ಏನೋ. ಅವರ ತಾಯಿ ಅವರಿಗೆ ಎಂಟು ತುಂಬುವ ಮೊದಲೇ ತೀರಿಕೊಂಡರಂತೆ. ಆಮೇಲೆ ಹೆರಳು ಹಾಕುವವರಿಲ್ಲದೆ ಚಿಕ್ಕಮ್ಮ ತಲೆ ಬೋಳಿಸಿಬಿಟ್ಟಿದ್ದಳಂತೆ. ತಮಗೆ ಹುಟ್ಟಿದ್ದು ನಾಲ್ಕೂ ಗಂಡು. "ಒಂದ ಹೆಣ್ಣ ತಲಿ ಸಿಗಲಿಲ್ಲ ನೋಡು ನನ್ನ ಕೈಗೆ," ಎಂದು ಒಂದು ದಿನ ಅಂದರು. ಹದಿನೆಂಟು ವರ್ಷ ಈ ತಲೆ ಅದೇ ಮನೆಯಲ್ಲೇ ಓಡಾಡುತ್ತಿತ್ತು. ಅದನ್ನು ನಾನೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ.

ಆ ಅರ್ಧ ತಾಸಿಗಾಗಿ ನಾನು ಕಾಯತೊಡಗಿದೆ. ಇಷ್ಟು ವಯಸ್ಸಾಗಿ, ಬೆಳೆದ ಮಗನನ್ನಿಟ್ಟುಕೊಂಡು, ಅತ್ತೆಯ ಕಾಲ ಬಳಿ ತಲೆ ಕೊಟ್ಟು ಕೂರುವುದು ನನಗೆ ಅಷ್ಟು ಬೇಕಾಗಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಕಳೆದ ಸಂಕ್ರಾಂತಿಯ ಹೊತ್ತಿಗೆ ಡಾಕ್ಟರು ಔಷಧ ಬದಲಿಸಿದರು. ಶಿವರಾತ್ರಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಎಚ್ಚರವಾದಾಗ ಬೆರಳುಗಳು ಹಗುರವಾಗಿದ್ದವು. ಹೊದಿಕೆಯ ಒಳಗೇ ಮುಷ್ಟಿ ಕಟ್ಟಿ ನೋಡಿದೆ. ಬಿಗಿಯಾಯಿತು. ಬಿಚ್ಚಿ ಮತ್ತೆ ಕಟ್ಟಿದೆ. ಅಡುಗೆಮನೆಯಿಂದ ತಪ್ ತಪ್ ಎಂದು ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಆಗಲೇ ಎದ್ದು ಹೋಗಿ "ಅತ್ಯಾರ, ಸರೀರಿ, ನಾ ಬಡೀತೀನಿ" ಅನ್ನಬೇಕಾಗಿತ್ತು. ಮಲಗಿಯೇ ಇದ್ದೆ.

ಕೈ ನೆಟ್ಟಗಾಯಿತು ಅಂದರೆ ರೊಟ್ಟಿ ನನ್ನ ಕೈಗೆ ಮರಳುತ್ತದೆ, ಅದರ ಹಿಂದೆಯೇ ಬಾಚಣಿಗೆಯೂ. ನನ್ನ ಲೆಕ್ಕ ಅಷ್ಟೇ ಇತ್ತು. ನಾಲ್ಕು ದಿನ ಬಿಟ್ಟು ಹೇಳಿದರಾಯಿತು ಅಂದುಕೊಂಡೆ. ಈ ಗುಣ ನಿಲ್ಲುತ್ತದೋ ಇಲ್ಲವೋ ಎಂದು ನೆಪ ಹೂಡಿದೆ. ಬೆಳಿಗ್ಗೆ ಅತ್ತೆ "ಹೆಂಗವ ಕೈ?" ಎಂದು ಕೇಳಿದರೆ, "ಅದ ರೀ, ಅಷ್ಟಕ್ಕಷ್ಟ" ಎಂದು ಬೆರಳು ಅರ್ಧ ಮಡಚಿ ತೋರಿಸುತ್ತಿದ್ದೆ. ಏಳು ವರ್ಷದ ರೋಗ ನನಗೆ ನಾಟಕವನ್ನು ಚೆನ್ನಾಗಿ ಕಲಿಸಿತ್ತು. ಹೇಗೆ ಲೋಟ ಹಿಡಿದರೆ ನೋವಿದ್ದಂತೆ ಕಾಣುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇಷ್ಟೇ ಆಗಿದ್ದರೆ ಸುಳ್ಳುಬುರುಕಿ ಎಂದು ನನ್ನನ್ನು ನಾನೇ ಬೈದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಬೇಸಿಗೆಯ ಹೊತ್ತಿಗೆ ನನ್ನ ಹೆರಳಿನಿಂದ ಕೊಬ್ಬರಿ ಎಣ್ಣೆಯ ವಾಸನೆಯ ಜೊತೆ ನೋವಿನ ಮುಲಾಮಿನ ವಾಸನೆ ಬರತೊಡಗಿತು. ಅತ್ತೆ ಬಲ ಭುಜಕ್ಕೆ ಮುಲಾಮು ತಿಕ್ಕಿಕೊಂಡ ಕೈಯಲ್ಲೇ ನನಗೆ ಹೆರಳು ಹಾಕುತ್ತಿದ್ದರು. ರೊಟ್ಟಿಯ ಸದ್ದು ನಡುನಡುವೆ ನಿಲ್ಲುತ್ತಿತ್ತು. ಎಪ್ಪತ್ತೊಂದರ ಮುದುಕಿ ಯಾಕೆ ನಿಲ್ಲಿಸಿದಳು ಎಂದು ತಿಳಿಯದಷ್ಟು ಪೆದ್ದಿ ನಾನಲ್ಲ. ಆಫೀಸಿನಲ್ಲಿ ಕೂತು ಹೆರಳನ್ನು ಮುಂದಕ್ಕೆ ಹಾಕಿಕೊಂಡು ಮೂಸುತ್ತಿದ್ದೆ. ಸಂಕಟವಾಗುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಮಣೆಯ ಮೇಲೆ ಕೂರುತ್ತಿದ್ದೆ.

ಶ್ರಾವಣ ಬಂತು. ನಮ್ಮ ಕಡೆ ನಾಗರ ಚೌತಿಯ ಹಿಂದಿನ ದಿನ ರೊಟ್ಟಿ ಪಂಚಮಿ. ವಾರ ಮೊದಲೇ ತೆಳ್ಳಗೆ ರೊಟ್ಟಿ ಬಡಿದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಒಟ್ಟುತ್ತಾರೆ. ಆ ದಿನ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ತುಂಬುಗಾಯಿ ಬದನೆ, ಕಾಳು ಪಲ್ಯ, ಶೇಂಗಾ ಚಟ್ನಿ ಎಲ್ಲ ತಟ್ಟೆಯಲ್ಲಿಟ್ಟು ಮನೆಮನೆಗೆ ಬೀರುತ್ತಾರೆ. ಅವರ ಮನೆಯ ರೊಟ್ಟಿ ನಮ್ಮ ಮನೆಗೆ ಬರುತ್ತದೆ. ನಮ್ಮ ಕಟ್ಟಡದಲ್ಲಿ ನಮ್ಮ ಕಡೆಯ ಆರು ಮನೆಗಳಿವೆ. ಬಂದ ರೊಟ್ಟಿ ನೋಡಿಯೇ ಇದು ಯಾರ ಕೈಯದು ಎಂದು ಹೇಳುವ ಹೆಂಗಸರು ಅವರು. ಅವರಲ್ಲೆಲ್ಲ ನಮ್ಮ ಅತ್ತೆಯದೇ ಚುರುಕು ಕಣ್ಣು.

ಹಬ್ಬಕ್ಕೆ ಮೂರು ದಿನ ಇತ್ತು. ಭಾನುವಾರ ಮಧ್ಯಾಹ್ನ ಅತ್ತೆ ಅರ್ಧ ಹಿಟ್ಟು ಮುಗಿಸಿ, ಉಳಿದದ್ದನ್ನು ಮುಚ್ಚಿಟ್ಟು, ವಿಠ್ಠಲನ ಗುಡಿಯ ಭಜನೆಗೆ ಹೋದರು. ಗಂಡ ಮಲಗಿದ್ದರು. ಅತ್ತೆ ಬಂದು ಮತ್ತೆ ಆ ಭುಜದಲ್ಲೇ ಬಡಿಯಬೇಕಲ್ಲ ಎನಿಸಿ ತಡೆಯಲಾಗಲಿಲ್ಲ. ಹಂಚು ಇಟ್ಟೆ. ಸದ್ದಾಗದಿರಲಿ ಎಂದು ರೊಟ್ಟಿ ಬಡಿಯುವ ಪರಾತದ ಕೆಳಗೆ ಬಟ್ಟೆ ಹಾಸಿದೆ. ನಾಲ್ಕು ವರ್ಷದ ಮೇಲೆ ಹಿಟ್ಟು ಅಂಗೈಗೆ ತಾಗಿತು. ಉಂಡೆ ಅಗಲವಾಗುತ್ತ ತಿರುಗತೊಡಗಿದಾಗ ಎಷ್ಟು ಖುಷಿಯಾಯಿತೆಂದರೆ, ಬಿಕ್ಕಿ ಅಳುವುದೊಂದು ಬಾಕಿ. ಎಂಟು ರೊಟ್ಟಿ ಆದವು. ಆರಿದ ಮೇಲೆ ಅತ್ತೆಯ ಒಟ್ಟಿಲಿನ ನಡುವೆ ಸೇರಿಸಿಟ್ಟು, ಪಾತ್ರೆ ತೊಳೆದು, ಬಂದು ಮಲಗಿಬಿಟ್ಟೆ. ಹಿಟ್ಟು ಕಡಿಮೆಯಾದದ್ದು ಅತ್ತೆಗೆ ತಿಳಿಯದೇ ಇರುತ್ತದೆಯೇ ಎಂಬುದು ಆಮೇಲೆ ಹೊಳೆಯಿತು. ಅವರು ಬಂದರು, ಹಿಟ್ಟು ನೋಡಿದರು, ಉಳಿದದ್ದನ್ನು ಬಡಿಯತೊಡಗಿದರು. ಮುಪ್ಪಿನ ಮರೆವು ಅಂದುಕೊಂಡು ನಾನು ನೆಮ್ಮದಿಯಾದೆ.

ಹಬ್ಬ ಮುಗಿಯಿತು. ಹಬ್ಬ ಮುಗಿದ ಮೇಲೆ ಹೇಳುತ್ತೇನೆ ಎಂದು ನನಗೆ ನಾನೇ ಕೊಟ್ಟುಕೊಂಡ ಮಾತೂ ಮುಗಿಯಿತು.

ಗಣಪತಿ ಕೂರುವುದಕ್ಕೆ ವಾರವಿರುವಾಗ ಒಂದು ನಸುಕಿನಲ್ಲಿ ರೊಟ್ಟಿಯ ಸದ್ದು ನಿಂತಿತು. ಮತ್ತೆ ಶುರುವಾಗಲಿಲ್ಲ. ಎದ್ದು ಹೋದೆ. ಅತ್ತೆ ಹಿಟ್ಟು ಮೆತ್ತಿದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದರು. ಹಂಚಿನ ಮೇಲೆ ಒಂದು ರೊಟ್ಟಿ ಸೀದು ಹೊಗೆ ಏಳುತ್ತಿತ್ತು.

"ಕೈ ಮ್ಯಾಲ ಏಳವಲ್ದು," ಅಂದರು. ಅವರ ದನಿಯಲ್ಲಿ ಹೆದರಿಕೆ ಇತ್ತು. ಅವರು ಹೆದರಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಎಲುಬಿನ ಡಾಕ್ಟರು ಚಿತ್ರ ತೆಗೆಸಿ ನೋಡಿ, ಭುಜದೊಳಗಿನ ಸ್ನಾಯು ಸವೆದು ಅರ್ಧ ಹರಿದಿದೆ ಅಂದರು. ಯಾವಾಗಿನಿಂದ ನೋವು ಎಂದು ಮರಾಠಿಯಲ್ಲಿ ಕೇಳಿದರು. ಅತ್ತೆ ಶಿವರಾತ್ರಿಯಿಂದ ಅಂದರು. ನಾನು ಹೊದಿಕೆಯೊಳಗೆ ಮುಷ್ಟಿ ಕಟ್ಟಿದ ಅದೇ ಶಿವರಾತ್ರಿ. ಡಾಕ್ಟರು ಸಿಟ್ಟಾಗಿ, "ಘರಾತ ದುಸರಂ ಕೋಣಿ ನಾಹೀ ಕಾ?" ಎಂದರು. ಮನೆಯಲ್ಲಿ ಬೇರೆ ಯಾರೂ ಇಲ್ಲವೇ ಎಂದು.

"ಸೂನ ಆಹೇ," ಎಂದರು ಅತ್ತೆ, "ಪಣ ತಿಚೇ ಹಾತ ದುಖತಾತ."

ಸೊಸೆ ಇದ್ದಾಳೆ, ಆದರೆ ಅವಳ ಕೈಗಳು ನೋಯುತ್ತವೆ. ಅಷ್ಟು ಹೇಳಿ ನನ್ನ ಕಡೆ ನೋಡದೆ ಸೆರಗು ಸರಿಮಾಡಿಕೊಂಡರು. ನಾನು ನನ್ನ ಕೈಗಳನ್ನು ಪರ್ಸಿನ ಕೆಳಗೆ ಮುಚ್ಚಿಕೊಂಡೆ. ಆ ಕುರ್ಚಿಯಲ್ಲಿ ಕೂತ ಹಾಗೇ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಮನೆಗೆ ಬರುವ ರಿಕ್ಷಾದಲ್ಲೇ ಹೇಳಿಬಿಟ್ಟೆ. ಮೆಟ್ರೋ ಕಂಬಗಳ ಕೆಳಗೆ ವಾಹನಗಳು ಕಿಕ್ಕಿರಿದು ನಿಂತಿದ್ದವು; ಗದ್ದಲದಲ್ಲಿ ಅವರಿಗೆ ಕೇಳಿಸದಿದ್ದರೆ ಒಳ್ಳೆಯದು ಎಂದು ಹೇಡಿಯ ಹಾಗೆ ಆಸೆಪಟ್ಟುಕೊಂಡೇ ಹೇಳಿದೆ.

"ಅತ್ಯಾರ, ನನ್ನ ಕೈ ನೆಟ್ಟಗಾಗಿ ಆರ ತಿಂಗಳಾತ್ರಿ. ನಾ ನಿಮಗ ಸುಳ್ಳ ಹೇಳಿದೆ."

"ಗೊತ್ತದ."

"ಯಾರ ಹೇಳಿದ್ರು?"

"ಯಾರ್ ಹೇಳ್ತಾರ? ಝಾಲರಿ ರೊಟ್ಟಿ ಈ ಊರಾಗ ಮತ್ತ್ಯಾರ ಬಡೀತಾರ? ಎಂಟ ಇದ್ದವು. ಒಂದೂ ಮಂದಿ ಮನಿಗೆ ಕೊಡಲಿಲ್ಲ. ನಾನ ಮಜ್ಜಿಗ್ಯಾಗ ಮುರಕೊಂಡ ತಿಂದೆ."

ರೊಟ್ಟಿ ಪಂಚಮಿಯಾದ ಮೇಲೂ ಮೂರು ವಾರ, ಎಲ್ಲ ಗೊತ್ತಿದ್ದೂ, ಆ ಭುಜದಲ್ಲಿ ಅವರು ನಸುಕಿಗೆ ಎದ್ದು ಬಡಿದಿದ್ದರು. ನನಗೆ ಹೆರಳು ಹಾಕಿದ್ದರು.

"ಮತ್ತ ಯಾಕ ಅನ್ನಲಿಲ್ರಿ? ಬೈಬೇಕಿಲ್ಲೋ ನನಗ?"

ಅವರು ರಿಕ್ಷಾದ ಹೊರಗೆ ನೋಡುತ್ತ, "ಮೋಸಂಬಿ ಚಲೋ ಕಾಣ್ತಾವ ನೋಡಲ್ಲೆ" ಅಂದರು. ಮನೆಯಲ್ಲಿ ಎರಡು ಸಲ ಮತ್ತೆ ಕೇಳಿದೆ. ಒಂದು ಸಲ ಚಹಾ ಇಡು ಅಂದರು, ಇನ್ನೊಂದು ಸಲ ಗೋಡೆಯ ಕಡೆ ಮಗ್ಗಲು ಬದಲಿಸಿದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಗಂಡನಿಗೂ ಅತ್ತೆ ಹೇಳಲಿಲ್ಲ, ನಾನೇ ಹೇಳಿದೆ. ಗಂಡ "ನನ್ನ ಡಬ್ಬಿಗೆ ರೊಟ್ಟೀನ ಬೇಕಂತ ಹಟಾ ಹಿಡದಿದ್ದು ನಾನು" ಎಂದು ತಮ್ಮ ಮೇಲೆ ಎಳೆದುಕೊಂಡರು. ಅದೂ ನನಗೆ ಬೇಕಾಗಿರಲಿಲ್ಲ. ತಪ್ಪು ನನ್ನದು, ಹಂಚಿಕೊಳ್ಳಲು ಬಂದವರ ಮೇಲೆ ಸಿಡುಕಿದೆ.

ಈಗ ರೊಟ್ಟಿ ನಾನೇ ಬಡಿಯುತ್ತೇನೆ. ಕೈ ಸರಿಯಿಲ್ಲದ ದಿನ ಸರಿಯಿಲ್ಲ ಎಂದೇ ಹೇಳುತ್ತೇನೆ. ಅಂಥ ದಿನಗಳು ಈಗಲೂ ಬರುತ್ತವೆ. ಕಾರ್ತಿಕದಲ್ಲಿ ಒಂದು ವಾರ ಮತ್ತೆ ಬೆರಳು ಸೆಟೆದವು. ಆಗ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ನಾವಿಬ್ಬರೂ ಸೇರಿ ಹೆಣಗಿದೆವು. ನಾನು ಮೊಣಕೈಗಳ ನಡುವೆ ಬಾಟಲಿ ಹಿಡಿದೆ, ಅತ್ತೆ ಎಡಗೈಯಲ್ಲಿ ತಿರುವಿದರು. ಕೊನೆಗೆ ಇಬ್ಬರೂ ನಗತೊಡಗಿ, ಮೊಸರನ್ನದಲ್ಲೇ ಊಟ ಮುಗಿಸಿದೆವು.

ಭುಜ ಏಳದ ಅತ್ತೆಗೆ ತಮ್ಮ ತುರುಬು ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮರುದಿನವೇ ನಾನು ಬಾಚಣಿಗೆ ತಂದೆ. ಕುರ್ಚಿಯಲ್ಲಿ ಅವರು ಕೂತರು, ಹಿಂದೆ ನಾನು ನಿಂತೆ. ಬಿಳಿ ಕೂದಲು ನನ್ನ ಹೆಬ್ಬೆರಳಿನಷ್ಟೂ ದಪ್ಪವಿಲ್ಲ. ನೆತ್ತಿಯಲ್ಲಿ ಹಳೆಯ ಗಾಯದ ಗುರುತೊಂದಿತ್ತು; ತಲೆ ಬೋಳಿಸಿದಾಗ ತಾಗಿದ್ದು ಅಂದರು. ಎಣ್ಣೆ ಹಚ್ಚುವಾಗ ಅವರ ಕುತ್ತಿಗೆ ಮೆಲ್ಲಗೆ ಹಿಂದಕ್ಕೆ ವಾಲಿತು. ಈ ಸುಖ ಎಂಥದೆಂದು ನನಗೆ ಗೊತ್ತು. ಅವರ ಭುಜ ಹಾಳಾದದ್ದರಿಂದ ಈ ಹೊತ್ತು ನನಗೆ ಸಿಕ್ಕಿತು, ಅದು ನನಗೆ ಇಷ್ಟವೂ ಆಗುತ್ತದೆ. ಒಂದು ತಪ್ಪಿನ ಮೇಲೆ ಇನ್ನೊಂದು.

ವ್ಯಾಯಾಮ ಮಾಡಿಸುವ ಹುಡುಗಿ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಏರಿಸಲು ಹೇಳಿಕೊಟ್ಟಿದ್ದಾಳೆ. ಎಲ್ಲಿಯವರೆಗೆ ಏರಿತೋ ಅಲ್ಲಿ ಗಂಡ ಪ್ರತಿ ಭಾನುವಾರ ಪೆನ್ಸಿಲಿನಿಂದ ಗೆರೆ ಹಾಕುತ್ತಾರೆ. ಎರಡು ತಿಂಗಳಿನಲ್ಲಿ ಗೆರೆಗಳು ಹೊಟ್ಟೆಯ ಮಟ್ಟದಿಂದ ಗದ್ದದ ಮಟ್ಟಕ್ಕೆ ಬಂದು ಅಲ್ಲೇ ನಿಂತಿದ್ದವು.

ಮೊನ್ನೆ ಬುಧವಾರ ಊಟದ ಡಬ್ಬಿ ಮರೆತು ಹೋಗಿದ್ದೆ. ಬಸ್ ನಿಲ್ದಾಣದಿಂದ ಹಿಂದಿರುಗಿ, ನನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆಗೆದೆ. ಅಡುಗೆಮನೆಯಲ್ಲಿ ಅತ್ತೆ ಬೆನ್ನು ತಿರುಗಿಸಿ ನಿಂತಿದ್ದರು. ಬಲಗೈಯನ್ನು ನೇರವಾಗಿ ಮೇಲೆ ಚಾಚಿ, ಗೋಡೆಗೆ ಬಡಿದ ಮೇಲಿನ ಫಳಿಯಿಂದ ಅಗಸಿ ಚಟ್ನಿಯ ಡಬ್ಬಿ ಇಳಿಸಿಕೊಂಡರು. ಒಂದು ಚಮಚ ತೆಗೆದುಕೊಂಡು, ಅದೇ ಕೈಯಿಂದ ಡಬ್ಬಿಯನ್ನು ಮೇಲೆ ಇಟ್ಟರು. ಗೋಡೆಯ ಕೊನೆಯ ಗೆರೆಗಿಂತ ಎರಡು ಗೇಣು ಮೇಲೆ.

ನಾನು ಸದ್ದಿಲ್ಲದೆ ಹಿಂದೆ ಸರಿದು, ಬಾಗಿಲು ಎಳೆದುಕೊಂಡು, ಗಂಟೆ ಒತ್ತಿದೆ. ಅತ್ತೆ ಬಾಗಿಲು ತೆರೆಯುವ ಹೊತ್ತಿಗೆ ಅವರ ಬಲಗೈ ಎದೆಗೆ ಒತ್ತಿಕೊಂಡಿತ್ತು. ರಿಕ್ಷಾದಲ್ಲಿ ನಾನು ಕೇಳಿದ್ದಕ್ಕೆ ಉತ್ತರ ಅವತ್ತು ಸಿಕ್ಕಿತು. ಅವರೂ ನನ್ನ ಹಾಗೆಯೇ ಆ ಅರ್ಧ ತಾಸಿಗೆ ಜೋತುಬಿದ್ದಿದ್ದರು; ಬೈದಿದ್ದರೆ ಅದು ಹೋಗುತ್ತಿತ್ತು. ಇದು ತಿಳಿದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಅವರು ತಮ್ಮ ಭುಜವನ್ನೇ ಸವೆಸಿ ಸುಮ್ಮನಿದ್ದರು, ನಾನು ಅವರ ಭುಜವನ್ನು ಸವೆಸಿ ಸುಮ್ಮನಿದ್ದೆ. ಎರಡೂ ಒಂದೇ ಅಂತ ಅಂದುಕೊಳ್ಳಲು ನನ್ನಿಂದಾಗುವುದಿಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ಮುಗಿಸಿ ಕೈ ತೊಳೆದು ಬಂದಾಗ ಅತ್ತೆ ಕುರ್ಚಿಯಲ್ಲಿ ಕೂತಾಗಿತ್ತು. ಬಾಚಣಿಗೆ, ಎಣ್ಣೆ ಬಟ್ಟಲು ತೊಡೆಯ ಮೇಲೆ.

"ಇನ್ನೂ ಏಳವಲ್ದ ನೋಡ ಈ ಕೈ," ಅಂದರು, ಕಿಟಕಿಯ ಕಡೆ ನೋಡುತ್ತ.

ನಾನು ಅವರ ತುರುಬು ಬಿಚ್ಚಿದೆ.

"ಇರ್ಲಿ ಬಿಡ್ರಿ ಅತ್ಯಾರ," ಅಂದೆ. "ಏನ ಅವಸರ ಅದ?"